ಬೆಳಗಿನ ಹೊತ್ತು ಯಾರದು?

ಮಾನ್ಯರೇ,

ರಾಜಾಜಿನಗರದಿಂದ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಕೋರಿಕೆಯಂತೆ ಹೆಸರನ್ನು ಪ್ರಕಟಿಸುತ್ತಿಲ್ಲ. ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೂ ತಿಳಿಯಲೆಂದು ನಿಮ್ಮ ಪತ್ರದ ಸಾರಾಂಶವನ್ನು ಮೊದಲು ಕೊಡುತ್ತೇನೆ. ಕಂಪನಿಯ ನೌಕರಿ ಬಿಟ್ಟು ಎರಡು ವರ್ಷಗಳಿಂದ ಮನೆಯಲ್ಲೇ ಕುಳಿತು ಸ್ವತಂತ್ರವಾಗಿ ಟೆಕ್ನಿಕಲ್ ರೈಟಿಂಗ್ ಮಾಡುತ್ತಿದ್ದೀರಿ. ಲಂಡನ್ನಿನ ಒಂದು ಮತ್ತು ಬಾಸ್ಟನ್ನಿನ ಒಂದು ಸಂಸ್ಥೆಗೆ ಸಾಫ್ಟ್‌ವೇರ್ ಕೈಪಿಡಿಗಳನ್ನೂ ಪೀಣ್ಯದ ಒಂದು ಕಾರ್ಖಾನೆಗೆ ಯಂತ್ರಗಳ ಕೈಪಿಡಿಗಳನ್ನೂ ಬರೆದುಕೊಡುತ್ತೀರಿ. ಬೆಳಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ ರಾತ್ರಿ ಹತ್ತೂವರೆಗೆ ಮುಚ್ಚುತ್ತೀರಿ, ಆದರೂ ಮುಗಿಸಬೇಕಾದ ಕೆಲಸದಲ್ಲಿ ಅರ್ಧವೂ ಮುಗಿದಿರುವುದಿಲ್ಲ. ಐದು ಗಂಟೆಗೆ ಏಳುವುದನ್ನು ರೂಢಿಸಿಕೊಳ್ಳಬೇಕೇ, ಯಾವ ಆ್ಯಪ್ ಬಳಸಬೇಕು, 'ಮನೇಲೇ ಇರ್ತೀಯಲ್ಲಮ್ಮ' ಎನ್ನುವ ಅತ್ತೆಯವರಿಗೆ ಏನು ಹೇಳಬೇಕು ಎಂಬುದು ನಿಮ್ಮ ಮೂರು ಮುಖ್ಯ ಪ್ರಶ್ನೆಗಳು. ಶಿಸ್ತಿಲ್ಲದವಳು ಎಂದು ನಿಮ್ಮನ್ನು ನೀವೇ ಎರಡು ಕಡೆ ಬೈದುಕೊಂಡಿದ್ದೀರಿ.

ಪತ್ರದ ಜೊತೆ ನೀವು ಕಳುಹಿಸಿದ ಒಂದು ದಿನದ ದಿನಚರಿಯನ್ನು ನೋಡಿದ ಮೇಲೆ ಆ ಬೈಗುಳವನ್ನು ನಾನು ಒಪ್ಪಲಾರೆ. ಒಂಬತ್ತರಿಂದ ಹನ್ನೊಂದರವರೆಗೆ ರಾತ್ರಿ ಬಂದ ಇಮೇಲ್‌ಗಳಿಗೆ ಉತ್ತರ, ನಡುವೆ ಗ್ಯಾಸ್ ಸಿಲಿಂಡರಿನವನು, ಆಮೇಲೆ ಹೊಸ ಕೆಲಸವೊಂದಕ್ಕೆ ಕೊಟೇಶನ್, ಹನ್ನೆರಡೂವರೆಗೆ ಅಡುಗೆ, ಎರಡಕ್ಕೆ ಬರೆಯಲು ಕುಳಿತರೆ ಎರಡೂವರೆಗೆ ಲಂಡನ್ನಿನವರ ಸಂದೇಶಗಳು ಶುರು, ಸಂಜೆ ಕಾರ್ಖಾನೆಯವರ ಫೋನು, ರಾತ್ರಿ ಎಂಟೂವರೆಗೆ ಬಾಸ್ಟನ್ನಿನ ಮೀಟಿಂಗ್. ಇದರಲ್ಲಿ ಸೋಮಾರಿತನಕ್ಕೆ ಜಾಗವೇ ಇಲ್ಲ. ನಿಮ್ಮ ನಿಜವಾದ ಕಸುಬಾದ ಬರವಣಿಗೆಗೆ ಇಡೀ ದಿನದಲ್ಲಿ ಅಡೆತಡೆಯಿಲ್ಲದ ಒಂದು ಗಂಟೆಯೂ ಸಿಕ್ಕಿಲ್ಲ. ದಿನದ ಯಾವ ಭಾಗ ಯಾರಿಗೆ ಸೇರಿದ್ದು ಎಂಬುದನ್ನು ನೀವು ತೀರ್ಮಾನಿಸದೆ ಬಿಟ್ಟಿರುವುದರಿಂದ, ಮೊದಲು ಕೂಗಿದವರಿಗೆ ಅದು ಸಲ್ಲುತ್ತಿದೆ.

ಗಡಿಯಾರದಿಂದಲೇ ಆರಂಭಿಸೋಣ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ, ಬಾಸ್ಟನ್ ಹತ್ತೂವರೆ ಗಂಟೆ ಹಿಂದಿರುತ್ತದೆ. ನೀವು ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕುಳಿತು ಇಮೇಲ್‌ಗೆ ಉತ್ತರ ಬರೆಯುವಾಗ ಬಾಸ್ಟನ್ನಿನಲ್ಲಿ ಹಿಂದಿನ ರಾತ್ರಿ ಹತ್ತೂವರೆ, ಲಂಡನ್ನಿನಲ್ಲಿ ನಸುಕಿನ ಮೂರೂವರೆ. ಬಾಸ್ಟನ್ನಿನವರು ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಚೇರಿಗೆ ಬಂದು ನಿಮ್ಮ ಉತ್ತರವನ್ನು ತೆರೆಯುವ ಹೊತ್ತಿಗೆ ನಮ್ಮಲ್ಲಿ ಸಂಜೆ ಏಳೂವರೆ ಆಗಿರುತ್ತದೆ. ಅಂದರೆ ನಿಮ್ಮ ತಲೆ ಅತ್ಯಂತ ಚುರುಕಾಗಿರುವ ಎರಡು ಗಂಟೆಗಳನ್ನು, ಬಾಸ್ಟನ್ನಿನಲ್ಲಿ ಹತ್ತು ಗಂಟೆಗಳ ಕಾಲ ಯಾರೂ ಓದದ ಉತ್ತರಗಳಿಗೆ ಕೊಡುತ್ತಿದ್ದೀರಿ. ಅದೇ ಉತ್ತರಗಳನ್ನು ಸಂಜೆ ಆರೂವರೆಗೆ ಬರೆದರೂ ಅವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ.

ಹೊರದೇಶದವರಿಗೆ ಕೆಲಸ ಮಾಡುವವರು ರಾತ್ರಿಯ ಮೀಟಿಂಗುಗಳನ್ನು ಶಪಿಸುವುದನ್ನು ಬಹಳ ಕೇಳಿದ್ದೇನೆ, ಅದು ನ್ಯಾಯವೇ. ಆದರೆ ಆ ದೂರ ನಮಗೆ ಕೊಡುವ ಅನುಕೂಲವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಧ್ಯಾಹ್ನ ಎರಡೂವರೆಯವರೆಗೆ, ಬೇಸಿಗೆಯಲ್ಲಿ ಒಂದೂವರೆಯವರೆಗೆ, ನಿಮ್ಮ ಮೂವರು ಗ್ರಾಹಕರಲ್ಲಿ ಇಬ್ಬರು ಕೆಲಸದಲ್ಲಿ ಇರುವುದೇ ಇಲ್ಲ. ಕಚೇರಿಯಲ್ಲಿ ಕೂರುವ ನೌಕರನಿಗೆ ಇಂಥ ನಿಶ್ಶಬ್ದ ಸಿಗುವುದು ಅಪರೂಪ. ಒಂಬತ್ತರಿಂದ ಹನ್ನೆರಡರವರೆಗೆ ಇಮೇಲ್ ತೆರೆಯದೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಬರವಣಿಗೆಯೊಂದನ್ನೇ ಮಾಡಿ. ಪೀಣ್ಯದವರಿಗೆ ಮಾತ್ರ ಮೊದಲೇ ತಿಳಿಸಬೇಕಾಗುತ್ತದೆ: ನಾಲ್ಕರಿಂದ ಐದರವರೆಗೆ ಫೋನಿಗೆ ಖಂಡಿತ ಸಿಗುತ್ತೇನೆ, ಉಳಿದ ಸಮಯದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರೆದಿಡಿ ಎಂದು. ಇದನ್ನು ಕೇಳಿ ಬೇಸರಿಸಿಕೊಳ್ಳುವ ಗ್ರಾಹಕರು ಕಡಿಮೆ. ಯಾವಾಗ ಸಿಗುತ್ತಾರೋ ಎಂದು ಗೊತ್ತಿಲ್ಲದವರನ್ನು ಜನ ಹೊತ್ತಲ್ಲದ ಹೊತ್ತಿನಲ್ಲಿ ಕರೆಯುತ್ತಾರೆ. ಸಮಯ ಗೊತ್ತಿದ್ದರೆ ಆ ಸಮಯಕ್ಕೆ ಕಾಯುತ್ತಾರೆ.

ಮಾರ್ಚ್‌ನಲ್ಲಿ ಒಂದು ಮೀಟಿಂಗ್ ತಪ್ಪಿಹೋಗಿ ಕ್ಷಮೆ ಕೇಳಬೇಕಾಯಿತೆಂದು ಬರೆದಿದ್ದೀರಿ. ಅದಕ್ಕೂ ಶಿಸ್ತಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಬ್ರಿಟನ್ನಿನಲ್ಲಿ ಅದೇ ತಿಂಗಳ ಕೊನೆಯ ಭಾನುವಾರ. ಭಾರತದಲ್ಲಿ ಈ ಪದ್ಧತಿ ಇಲ್ಲ. ಹೀಗಾಗಿ ಎಂಟೂವರೆಯ ಬಾಸ್ಟನ್ ಮೀಟಿಂಗ್ ಆ ಸೋಮವಾರದಿಂದ ಏಳೂವರೆಗೆ ಬಂದಿರುತ್ತದೆ, ಲಂಡನ್ನಿನದು ಮಾತ್ರ ಇನ್ನೂ ಎರಡು ಮೂರು ವಾರ ಹಳೆಯ ಹೊತ್ತಿಗೇ ನಡೆಯುತ್ತದೆ. ಮರಳುವಾಗ ಬ್ರಿಟನ್ ಮೊದಲು, ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ಈ ನಾಲ್ಕು ಭಾನುವಾರಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಮೀಟಿಂಗ್ ಆಹ್ವಾನವನ್ನು ಆಯಾ ಊರಿನವರೇ ತಮ್ಮ ಸಮಯದಲ್ಲಿ ಕಳುಹಿಸಿದರೆ ನಿಮ್ಮ ಫೋನಿನ ಕ್ಯಾಲೆಂಡರ್ ತಾನೇ ಸರಿಹೊಂದಿಸಿಕೊಳ್ಳುತ್ತದೆ.

ಐದು ಗಂಟೆಗೆ ಏಳುವ ವಿಚಾರಕ್ಕೆ ನನ್ನ ಉತ್ತರ ಬೇಡ ಎಂಬುದು. ಹತ್ತೂವರೆಯವರೆಗೆ ಕೆಲಸ ಮಾಡಿ, ಆ ಮಾತುಕತೆಯ ಬಿಸಿ ಆರಿ ನಿದ್ದೆ ಹತ್ತುವಾಗ ಹನ್ನೆರಡಾಗುವ ನಿಮ್ಮಂಥವರು ಐದಕ್ಕೆ ಎದ್ದರೆ ನಿದ್ದೆಯಿಂದ ಸಾಲ ತೆಗೆದಂತೆ ಅಷ್ಟೆ. ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ಹೇಳಿದವರು ದೀಪ ಹಚ್ಚುವ ಹೊತ್ತಿಗೆ ದಿನವನ್ನು ಮುಗಿಸುತ್ತಿದ್ದರು ಎಂಬುದನ್ನು ಮರೆಯಬಾರದು.

ಆ್ಯಪ್‌ಗಳ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿರಾಮ ಎಂಬ 'ಪೊಮೊಡೊರೊ' ಪದ್ಧತಿ ನಿಮಗೆ ಒಗ್ಗಲಿಲ್ಲವೆಂದು ಬೇಸರಪಟ್ಟಿದ್ದೀರಿ. ಅದನ್ನು 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬುವವರು ವಿದ್ಯಾರ್ಥಿಯಾಗಿದ್ದಾಗ, ಓದಲು ಮನಸ್ಸು ಹತ್ತದೆ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಢಿಸಿದರು. ಕೆಲಸ ಶುರುಮಾಡಲಾಗದವರಿಗೆ ಅದು ಒಳ್ಳೆಯದು. ಒಂದು ಸಾಫ್ಟ್‌ವೇರಿನ ಇಡೀ ರಚನೆಯನ್ನು ತಲೆಯಲ್ಲಿ ಹಿಡಿದುಕೊಂಡು ಬರೆಯಬೇಕಾದವರಿಗೆ, ಒಳಹೊಕ್ಕು ಹದಕ್ಕೆ ಬರುವಷ್ಟರಲ್ಲೇ ಗಂಟೆ ಹೊಡೆದುಬಿಡುತ್ತದೆ. ಇನ್‌ವಾಯ್ಸ್ ತಯಾರಿಸುವಂಥ ಮನಸ್ಸಿಲ್ಲದ ಕೆಲಸಗಳಿಗೆ ಅದನ್ನು ಇಟ್ಟುಕೊಳ್ಳಿ.

ಇನ್ನು ಅತ್ತೆಯವರ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಈ ಭಾಗ. ಅತ್ತೆಯವರ ಬಗ್ಗೆ ಒಂದು ಪುಟ ಬರೆದ ನೀವು, ನಿಮ್ಮ ಯಜಮಾನರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಬಾಗಿಲಿರುವ ಕೋಣೆ ಆಗ ಅವರದು, ನೀವು ಊಟದ ಮೇಜಿನ ಬಳಿ ಕೂರುತ್ತೀರಿ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ದಾಟಿದ್ದೀರಿ. ಅವರ ಮೀಟಿಂಗ್ ನಡೆಯುವಾಗ ಮನೆಯವರೆಲ್ಲ ಟಿವಿಯ ಸದ್ದು ತಗ್ಗಿಸುತ್ತಾರೆ. ನಿಮ್ಮ ಮೀಟಿಂಗ್ ನಡೆಯುವಾಗ ಕುಕ್ಕರಿನ ಸೀಟಿಗಳನ್ನೂ ನೀವೇ ಎಣಿಸಬೇಕು. ಅವರು ಮನೆಯಲ್ಲಿರುವ ದಿನ ಸಿಲಿಂಡರಿನವನಿಗೆ ಬಾಗಿಲು ತೆರೆಯುವವರು ಯಾರು ಎಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಇದನ್ನು ಸಮಯ ನಿರ್ವಹಣೆಯ ಸಮಸ್ಯೆ ಎಂದು ಕರೆದರೆ ತಪ್ಪಾಗುತ್ತದೆ. ಸಂಬಳದ ಕೆಲಸವನ್ನು ಕೆಲಸವೆಂದೂ ಇನ್‌ವಾಯ್ಸಿನ ಕೆಲಸವನ್ನು ಹವ್ಯಾಸವೆಂದೂ ಮನೆ ಎಣಿಸುತ್ತಿದೆ. ಈ ಮಾತನ್ನು ಮೊದಲು ಯಜಮಾನರೊಡನೆ ಆಡಿ. ಅವರು ಆಫೀಸಿಗೆ ಹೋಗುವ ಎರಡು ದಿನ ಕೋಣೆ ನಿಮ್ಮದು ಎಂಬುದರಲ್ಲಿ ಔದಾರ್ಯವೇನಿಲ್ಲ. ಉಳಿದ ಮೂರು ದಿನಗಳಲ್ಲಿ ಬೆಳಗಿನ ಹೊತ್ತು ಒಬ್ಬರಿಗೆ, ಸಂಜೆ ಇನ್ನೊಬ್ಬರಿಗೆ ಎಂದು ಹಂಚಿಕೊಳ್ಳಲು ಸಾಧ್ಯವೇ ಎಂದು ಕೇಳಿ.

ಅತ್ತೆಯವರಿಗೆ 'ನನಗೆ ಪುರುಸೊತ್ತಿಲ್ಲ' ಎನ್ನುವುದಕ್ಕಿಂತ 'ಹನ್ನೆರಡರಿಂದ ಎರಡರವರೆಗೆ ಏನಿದ್ದರೂ ಹೇಳಿ ಅತ್ತೆ, ನಾನು ಸಿಗುತ್ತೇನೆ' ಎನ್ನುವುದು ಮೇಲು. ಹಿರಿಯರಿಗೆ ಬೇಕಾಗಿರುವುದು ಹೆಚ್ಚಿನ ಸಂದರ್ಭದಲ್ಲಿ ಸಿಲಿಂಡರ್ ಅಲ್ಲ, ತಮ್ಮ ಮಾತಿಗೆ ಯಾರಾದರೂ ಕಿವಿಗೊಡುತ್ತಾರೆಂಬ ಭರವಸೆ. ಆ ಎರಡು ಗಂಟೆಗಳಲ್ಲಿ ಮಾತ್ರ ಲ್ಯಾಪ್‌ಟಾಪ್ ಮುಚ್ಚಿರಲಿ.

ನಿಮ್ಮ ಪತ್ರದಲ್ಲಿ ಮತ್ತೊಂದು ಸಂಗತಿ ಕಂಡಿತು. ನಲವತ್ತು ಪುಟದ ಕೈಪಿಡಿಯನ್ನು ಐದು ದಿನದಲ್ಲಿ ಕೊಡುತ್ತೇನೆಂದು ಒಪ್ಪಿ, ಒಂಬತ್ತು ದಿನ ತೆಗೆದುಕೊಂಡಿದ್ದೀರಿ. ಅದರ ಹಿಂದಿನದೂ ಹೀಗೇ. ಮನುಷ್ಯರು ಕೆಲಸಕ್ಕೆ ಹಿಡಿಯುವ ಸಮಯವನ್ನು ಸದಾ ಕಡಿಮೆ ಅಂದಾಜಿಸುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದರು. ಎದುರಿಗಿರುವ ಕೆಲಸ ಹೇಗೆ ಸುಗಮವಾಗಿ ಸಾಗುತ್ತದೆ ಎಂದು ಊಹಿಸಿಕೊಂಡು ದಿನ ಹೇಳುತ್ತೇವೆಯೇ ಹೊರತು, ಇಂಥದೇ ಕೆಲಸ ಹಿಂದೆ ಎಷ್ಟು ದಿನ ಹಿಡಿಯಿತೆಂದು ನೋಡುವುದಿಲ್ಲ ಎಂಬುದು ಅವರ ವಿವರಣೆಯ ತಿರುಳು. ಪರಿಹಾರ ಸರಳವಾಗಿದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸ ಆರಂಭಿಸಿದ ದಿನ, ಮುಗಿಸಿದ ದಿನ, ತಗುಲಿದ ಗಂಟೆಗಳನ್ನು ಬರೆದಿಡಿ, ಮುಂದಿನ ಕೊಟೇಶನ್ನಿಗೆ ಮುನ್ನ ಅದನ್ನು ತೆರೆದು ನೋಡಿ. ಗ್ರಾಹಕರ ಕಡೆಯಿಂದ ತಿದ್ದುಪಡಿಗಳು ಬರುವವರೆಗೆ ಕಾಯುವ ದಿನಗಳನ್ನೂ ಅದರಲ್ಲಿ ಬರೆಯಿರಿ. ನಿಮ್ಮ ಒಂಬತ್ತು ದಿನಗಳಲ್ಲಿ ಅವರ ಪಾಲೆಷ್ಟು ಎಂಬುದು ಆಗ ತಿಳಿಯುತ್ತದೆ.

ಅದೇ ನೋಟ್‌ಬುಕ್ ದರ ನಿಗದಿಗೂ ಬೇಕು. ಕೊಟೇಶನ್, ಇನ್‌ವಾಯ್ಸ್, ಬಾಕಿ ಕೇಳುವುದು, ಹೊಸ ಗ್ರಾಹಕರನ್ನು ಹುಡುಕುವುದು, ವರ್ಷಕ್ಕೆ ನಾಲ್ಕು ಸಲ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ಗಳ 15ರೊಳಗೆ ಮುಂಗಡ ತೆರಿಗೆಯ ಲೆಕ್ಕ, ಇವೆಲ್ಲವೂ ಕೆಲಸವೇ. ಇವಕ್ಕೆ ಯಾರೂ ಪ್ರತ್ಯೇಕವಾಗಿ ಹಣ ಕೊಡುವುದಿಲ್ಲವಾದ್ದರಿಂದ, ಹಣ ಕೊಡುವ ಗಂಟೆಗಳ ದರದಲ್ಲೇ ಇವುಗಳ ಬೆಲೆ ಸೇರಿರಬೇಕು. ಎಂಟು ಗಂಟೆಗೂ ಬಿಲ್ ಮಾಡಬಹುದೆಂಬ ಲೆಕ್ಕದಲ್ಲಿ ದರ ಹೇಳಿದವರು ಹನ್ನೆರಡು ಗಂಟೆ ದುಡಿಯಲೇಬೇಕಾಗುತ್ತದೆ, ಯಾವ ಆ್ಯಪ್ ಕೂಡ ಅವರನ್ನು ಪಾರುಮಾಡದು. ನೀವು ಬಾಸ್ಟನ್ನಿನವರಿಗೆ ಎರಡು ವರ್ಷಗಳಿಂದ ಅದೇ ದರ ಹೇಳುತ್ತಿರುವುದು ನನಗೆ ಸರಿ ಕಾಣಲಿಲ್ಲ.

ಪೀಣ್ಯದವರು ಮೂರು ತಿಂಗಳಾದರೂ ಹಣ ಕೊಡದೆ, ವಾರಕ್ಕೆರಡು ಸಲ ಫೋನ್ ಮಾಡಿ ಕೇಳುವುದೇ ಒಂದು ಕೆಲಸವಾಗಿದೆ ಎಂದಿದ್ದೀರಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸೇವೆ ಒದಗಿಸುವವರಿಗೂ ಅನ್ವಯಿಸುತ್ತದೆ. ಸರ್ಕಾರದ 'ಉದ್ಯಮ್' ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಖರೀದಿದಾರರು ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಂತೆ, ಈ ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಖರೀದಿದಾರರು ಅದನ್ನು ತಮ್ಮ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಕಾರ್ಖಾನೆಯ ಅಕೌಂಟ್ಸ್ ವಿಭಾಗದವರು ಇದನ್ನು ಚೆನ್ನಾಗಿ ಬಲ್ಲರು. ಈಗಲೇ ನೋಂದಾಯಿಸಿಕೊಳ್ಳಿ, ಮುಂದಿನ ಕೆಲಸದ ಇನ್‌ವಾಯ್ಸಿನಲ್ಲಿ ಆ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ನಮೂದಿಸಿ. ಜಗಳವಾಡದೆಯೇ ಕೆಲವು ಫೋನುಗಳ ಶ್ರಮ ಉಳಿಯುತ್ತದೆ.

ಮನೆಯಲ್ಲಿ ಕೂರಲಾಗದ ದಿನ ಎಲ್ಲಿಗೆ ಹೋಗಲಿ ಎಂದೂ ಕೇಳಿದ್ದೀರಿ. ನಮ್ಮ ದರ್ಶಿನಿಗಳಲ್ಲಿ ನಿಂತು ಕಾಫಿ ಕುಡಿಯಬಹುದೇ ಹೊರತು ಲ್ಯಾಪ್‌ಟಾಪ್ ಬಿಚ್ಚುವಂತಿಲ್ಲ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಕರಡು ತಿದ್ದಲು, ಓದಲು ಒಳ್ಳೆಯ ಜಾಗ, ಫೋನಿನ ಮಾತಿಗೆ ಅಲ್ಲ. ಮೀಟಿಂಗ್ ಇರುವ ದಿನಗಳಿಗೆ ಹತ್ತಿರದ ಕೋ-ವರ್ಕಿಂಗ್ ಜಾಗದಲ್ಲಿ ದಿನದ ಬಾಡಿಗೆಗೆ ಕುರ್ಚಿ ಸಿಗುತ್ತದೆ; ಆ ಖರ್ಚನ್ನೂ ದರದಲ್ಲಿ ಸೇರಿಸಿ. ಬೆಸ್ಕಾಂ ನಿಗದಿತ ವಿದ್ಯುತ್ ಕಡಿತವನ್ನು ಮುಂಚಿತವಾಗಿಯೇ ಪತ್ರಿಕೆಗಳಲ್ಲಿ ತಿಳಿಸುತ್ತದೆ, ಅದು ಸಾಮಾನ್ಯವಾಗಿ ಹಗಲಿನ ಕೆಲಸದ ಹೊತ್ತಿನಲ್ಲೇ ಇರುತ್ತದೆ. ನಿಮ್ಮ ಬಡಾವಣೆಯ ಹೆಸರು ಕಂಡ ದಿನವನ್ನೇ ಗ್ರಂಥಾಲಯಕ್ಕೆ ಮೀಸಲಿಟ್ಟರೆ ಎರಡೂ ಆದಂತಾಯಿತು.

ಬೆಳಗ್ಗೆ ಬರವಣಿಗೆಗೆ ಮೀಸಲಾದ ಮೂರು ಗಂಟೆಗಳು ಮತ್ತು ಕೋಣೆಯ ಹಂಚಿಕೆ, ಇವೆರಡನ್ನು ಮೊದಲು ಮಾಡಿ. ನೋಂದಣಿಗೆ ಒಂದು ಮಧ್ಯಾಹ್ನ ಸಾಕು. ಉಳಿದದ್ದಕ್ಕೆ ಅವಸರವಿಲ್ಲ. ಯಜಮಾನರು ಏನೆಂದರು ಎಂಬುದನ್ನು ಬಿಡುವಾದಾಗ ಬರೆದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ