2015ರ ‘ಸಿಂಡರೆಲಾ’ ಚಿತ್ರದಲ್ಲಿ ನಾಯಕಿ ನಿಜವಾಗಿಯೂ ಗಾಜಿನ ಶೂ ಹಾಕಿಕೊಂಡಿದ್ದಳೇ?

ಇಲ್ಲ. ಕೆನೆತ್ ಬ್ರಾನಾ ನಿರ್ದೇಶಿಸಿದ ಡಿಸ್ನಿಯ ಈ ಚಿತ್ರಕ್ಕೆ ವಸ್ತ್ರವಿನ್ಯಾಸಕಿ ಸ್ಯಾಂಡಿ ಪವೆಲ್ ಶೂಗಳನ್ನೇನೋ ನಿಜವಾಗಿ ಮಾಡಿಸಿದ್ದರು. ಸ್ವರೋವ್ಸ್ಕಿ ಕಂಪನಿ ಸ್ಫಟಿಕದಲ್ಲಿ ಕೆತ್ತಿಕೊಟ್ಟ ಅವು ಕಾಲಿಗೆ ಹಾಕುವಂಥವಲ್ಲ. ಕೈಯಲ್ಲಿ ಹಿಡಿಯುವ, ದಿಂಬಿನ ಮೇಲಿಡುವ ಶಾಟ್‌ಗಳಿಗಷ್ಟೇ. ನಟಿ ಲಿಲಿ ಜೇಮ್ಸ್ ಕುಣಿದದ್ದು ಚರ್ಮದ ಶೂನಲ್ಲಿ. ಆಮೇಲೆ ಗ್ರಾಫಿಕ್ಸ್‌ನವರು ಅದರ ಜಾಗದಲ್ಲಿ ಸ್ಫಟಿಕದ ಶೂ ಕೂರಿಸಿದರು.

ಕಾರಣ ಸರಳ. ಹೆಜ್ಜೆ ಹಾಕುವಾಗ ಪಾದ ಬೆರಳುಗಳ ಬುಡದಲ್ಲಿ ಬಾಗುತ್ತದೆ, ಗಾಜು ಬಾಗುವುದಿಲ್ಲ. ಒಂದೋ ಹಿಮ್ಮಡಿ ಶೂನಿಂದ ಕಳಚಿ ಮೇಲೇಳಬೇಕು, ಇಲ್ಲವೇ ಗಾಜೇ ಬಿರುಕು ಬಿಡಬೇಕು. ಎತ್ತರದ ಹಿಮ್ಮಡಿಯಾದರೆ ಭಾರವೆಲ್ಲ ಚಿಕ್ಕದೊಂದು ಬಿಂದುವಿನ ಮೇಲೆ ಬಿದ್ದು ಅಪಾಯ ಇನ್ನೂ ಹೆಚ್ಚು. ನುಣುಪು ನೆಲದ ಮೇಲೆ ಜಾರುವುದು ಬೇರೆ. ಬರೀ ಪಾರದರ್ಶಕ ಗಾಜಾಗಿದ್ದರೆ ಒಳಗೆ ಒತ್ತಿಕೊಂಡ ಬೆರಳುಗಳೂ ಕಾಣುತ್ತಿದ್ದವು, ನೋಡಲು ಅಷ್ಟೇನೂ ಚೆಂದವಲ್ಲ! ವಜ್ರದಂತೆ ಹಲವು ಚಪ್ಪಟೆ ಮುಖಗಳಾಗಿ ಕೊರೆದ ಸ್ಫಟಿಕದಲ್ಲಾದರೆ ಬೆಳಕು ಒಡೆದು ಹೊಳೆಯುತ್ತದೆ.

ಅಂದಹಾಗೆ, ಗಾಜಿನ ಪಾದರಕ್ಷೆ ಎಲ್ಲ ಆವೃತ್ತಿಗಳಲ್ಲೂ ಇಲ್ಲ. ಅದು 1697ರಲ್ಲಿ ಪ್ರಕಟವಾದ ಫ್ರೆಂಚ್ ಲೇಖಕ ಪೆರೋ ಅವರ ಕಥೆಯದು. ಕುಂಬಳಕಾಯಿ ಸಾರೋಟೂ ಅಲ್ಲಿಯದೇ. ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ಪಾದರಕ್ಷೆ ಚಿನ್ನದ್ದು. ಆದರೆ ನಾಯಕಿ ತನ್ನ ಅಪ್ಪನ ಬಳಿ, ದಾರಿಯಲ್ಲಿ ಮೊದಲು ಮೈಗೆ ತಾಗಿದ ಮರದ ಕೊಂಬೆಯನ್ನು ತಂದುಕೊಡು ಎಂದು ಕೇಳುವ ದೃಶ್ಯವನ್ನು ಚಿತ್ರ ಗ್ರಿಮ್‌ರಿಂದಲೇ ತೆಗೆದುಕೊಂಡಿದೆ.