ಹುಡುಗನ ಕೆಮ್ಮು, ಸೇಟರ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಕುಂದಾಪುರದ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಶುರುಮಾಡಿ, ಈಗ ಉಪನಗರದಲ್ಲಿ ಸ್ವಂತ ಹೋಟೆಲು ನಡೆಸುತ್ತಿರುವವರು. ವಯಸ್ಸು ಐವತ್ತು ದಾಟಿದೆ. ಹುಡುಗರ ಬಾಯಲ್ಲಿ ‘ಸೇಟು’. ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಮಗಳು: ಅಪ್ಪನಿಗೆ ನಿದ್ದೆಯಿಲ್ಲ, ಗಲ್ಲಾದಲ್ಲಿ ಕುಳಿತು ಎಲ್ಲರ ಮೇಲೂ ಹರಿಹಾಯುತ್ತಾರೆ ಎಂದು.

ಸಪ್ಲೈಯರ್ ಹುಡುಗನೊಬ್ಬ ತಿಂಗಳಿನಿಂದ ಕೆಮ್ಮುತ್ತಿದ್ದ. ಕೆಲಸ ಹೋದೀತೆಂಬ ಹೆದರಿಕೆಗೆ ಮೆಡಿಕಲ್ ಅಂಗಡಿಯ ಸಿರಪ್ ಕುಡಿಯುತ್ತ, ರಾತ್ರಿ ಸದ್ದು ಕೇಳಿಸದಂತೆ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು ಮಾಳಿಗೆಯಲ್ಲಿ ಮಲಗುತ್ತಿದ್ದ. ಪರೀಕ್ಷೆಯಲ್ಲಿ ಕ್ಷಯ ಎಂದಾಯಿತು. ಅದೇ ಮಾಳಿಗೆಯಲ್ಲಿ ಇನ್ನೂ ಏಳೆಂಟು ಜನ ಮಲಗುತ್ತಾರೆ.

“ಮೇಡಂ, ಹೊತ್ತಿಗೆ ಸರಿಯಾಗಿ ಸಂಬಳ ಕೊಡುತ್ತೇನೆ, ಊಟ ಹಾಕುತ್ತೇನೆ. ಯಾರ ಎದೆಯಲ್ಲಿ ಏನಿದೆ ಎಂದು ನಾನೇಕೆ ವಿಚಾರಿಸಬೇಕು? ನನ್ನನ್ನು ಯಾರು ವಿಚಾರಿಸಿದ್ದರು?” ಲೆಕ್ಕ ಚುಕ್ತಾ ಮಾಡಿ ಹುಡುಗನನ್ನು ಊರಿನ ಬಸ್ಸು ಹತ್ತಿಸುವ ಯೋಚನೆ ಅವರದು.

ವರ್ಷಾವಧಿ ಜಾತ್ರೆಗೆ ತಪ್ಪದೆ ಅನ್ನದಾನಕ್ಕೆ ಹಣ ಕಳುಹಿಸುವವರಿಗೆ ಧರ್ಮ ಬೋಧಿಸಿ ಪ್ರಯೋಜನವಿಲ್ಲ. ವ್ಯವಹಾರದ ಮಾತನ್ನೇ ಆಡಿದೆ. ಕ್ಷಯ ಗಾಳಿಯಿಂದ ಹರಡುತ್ತದೆ. ಇವನನ್ನು ಓಡಿಸಿದರೆ ಮುಂದೆ ಕೆಮ್ಮು ಬಂದವನು ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಾತ್ರೆಯನ್ನು ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವಾಗಬಹುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದ್ದಾರೆ. ಜೊತೆಯಲ್ಲಿ ಮಲಗುವವರೆಲ್ಲರ ತಪಾಸಣೆ ಆಗಬೇಕು. ಇಷ್ಟಕ್ಕೆ ಅವರು ತಲೆಯಾಡಿಸಿದರು. ಲಾಭನಷ್ಟ ಅವರಿಗೆ ಬೇಗ ತಿಳಿಯುತ್ತದೆ.

ಹೊರಡುವಾಗ ಸುಮ್ಮನೆ ಒಂದು ಮಾತು ಬಂತು: “ಅಡುಗೆ ಭಟ್ಟರ ಹೆಂಡತಿ ತೀರಿಹೋದ ಮೇಲೆ ಅವರು ಮಾತೇ ಬಿಟ್ಟಿದ್ದಾರೆ. ಅವರಿಂದ ಮಾತ್ರ ಏನೂ ತೊಂದರೆಯಿಲ್ಲ.”

ನನಗೆ ನಿಜವಾದ ಪ್ರಕರಣ ಕಂಡದ್ದು ಅಲ್ಲಿ. ದುಃಖ ಯಾರಿಗೂ ಅಂಟುವುದಿಲ್ಲ, ಸಾಂಬಾರಿನ ರುಚಿಯೂ ಕೆಟ್ಟಿಲ್ಲ. ಲಾಭದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. “ಇದರಿಂದ ನಿಮಗೆ ಕಾಸಿನ ಉಪಯೋಗವಿಲ್ಲ, ಆದರೂ ವಿಚಾರಿಸಿ” ಎಂದೆ. “ಮಕ್ಕಳಿರುವುದು ಊರಿನಲ್ಲಿ, ಫೋನಿನಲ್ಲಿ ‘ಚೆನ್ನಾಗಿದ್ದೇನೆ’ ಎಂದರೆ ನಂಬುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಅವರ ಮುಖ ಕಾಣುವವರು ನೀವು.” ತನಗೆ ಅಂಥ ಮರುಕ ಹುಟ್ಟುವುದಿಲ್ಲ ಎಂದರು. ಹುಟ್ಟಬೇಕೆಂದೇನೂ ಇಲ್ಲ, ವಿಚಾರಿಸಲು ಎದೆ ಕರಗಬೇಕಾಗಿಲ್ಲ, ಪಕ್ಕದಲ್ಲಿ ಕೂರಲು ಹತ್ತು ನಿಮಿಷ ಸಾಕು. ಇನ್ನು, ತನ್ನನ್ನು ಯಾರೂ ವಿಚಾರಿಸಲಿಲ್ಲ ಎಂಬುದನ್ನು ಇಷ್ಟು ವರ್ಷ ಮರೆಯದವರಿಗೆ ಅದರ ಬೆಲೆಯನ್ನು ನಾನು ಹೇಳಿಕೊಡಬೇಕೇ?

ಕೊಟ್ಟ ಸಲಹೆ ಇಷ್ಟೇ. ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಚಹಾ ಹಿಡಿದು ಭಟ್ಟರ ಬಳಿ ಕುಳಿತುಕೊಳ್ಳಿ. ಹೆಂಡತಿಯ ವಿಷಯ ತೆಗೆಯಲು ಅಂಜಬೇಡಿ. ಸಮಾಧಾನದ ಮಾತು ಬೇಡ, ಕೇಳಿಸಿಕೊಳ್ಳಿ. ಊಟ ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ ಅಥವಾ ಬದುಕು ಸಾಕೆಂಬ ಮಾತು ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಹುಡುಗನ ಚಿಕಿತ್ಸೆ ನಡೆಯುತ್ತಿದೆ. ರಜೆಯ ದಿನಗಳಿಗೆ ಅರ್ಧ ಸಂಬಳ ಎಂದಿದ್ದಾರೆ ಸೇಟರು. ಪೂರ್ತಿ ಕೊಡಿ ಎಂಬ ನನ್ನ ವಾದ ಇನ್ನೂ ಮುಗಿದಿಲ್ಲ. ಮೊದಲ ದಿನ ಪಕ್ಕದಲ್ಲಿ ಕುಳಿತಾಗ ಭಟ್ಟರು ಗಾಬರಿಯಾಗಿ “ಕೆಲಸದಿಂದ ತೆಗೆಯುತ್ತೀರಾ?” ಎಂದು ಕೇಳಿದರಂತೆ. ಮಾತು ಹೊರಬರಲು ವಾರಗಳೇ ಹಿಡಿದವು. ಹೆಂಡತಿಯ ವರ್ಷಾಬ್ದಿಕಕ್ಕೆ ರಜೆ ಕೇಳಲು ಹೆದರಿ ಕುಳಿತಿದ್ದರು. ದೀಪಾವಳಿಯ ಗಿರಾಕಿಯ ಹೊತ್ತು; ಸೇಟರು ಗೊಣಗುತ್ತಲೇ ಎಂಟು ದಿನ ಕೊಟ್ಟರು.