ಎರಡು ವರ್ಷ ಮಿಷನ್‌ಗೆ ಹೋಗಿ ಬಂದೆ, ಕಾಲೇಜಿನಲ್ಲಿ ಜಾಗ ಇದೆಯಾ?

ಪ್ರಶ್ನೆ: ನಾನು ಬೆಂಗಳೂರಿನವನು. 2023ರಲ್ಲಿ ಬಿ.ಎಸ್ಸಿ. ಸೇರಿದೆ. ಭೌತಶಾಸ್ತ್ರ, ಗಣಿತ ನನ್ನ ವಿಷಯಗಳು. ಮೊದಲ ವರ್ಷ ಪಾಸಾದ ಮೇಲೆ ನಮ್ಮ ಎಲ್‌ಡಿಎಸ್ (ಲ್ಯಾಟರ್-ಡೇ ಸೇಂಟ್ಸ್) ಚರ್ಚಿನ ಮಿಷನ್‌ಗೆ ಹೋದೆ. ಜನ ನಮ್ಮನ್ನು ಮಾರ್ಮನ್ ಅಂತಾರೆ. ಎರಡು ವರ್ಷ ಹೈದರಾಬಾದ್, ವಿಶಾಖಪಟ್ಟಣದಲ್ಲಿದ್ದೆ. ಬಂದು ಮೂರು ವಾರ ಆಯಿತು. ಜೊತೆಯವರು ಡಿಗ್ರಿ ಮುಗಿಸಿದ್ದಾರೆ. ಕಾಲೇಜಿನ ಆಫೀಸಿನಲ್ಲಿ ವಿಷಯ ಹೇಳಿದರೆ ‘ಮಿಷನ್ ಅಂದ್ರೆ? ಮಿಷನ್ ಆಸ್ಪತ್ರೆನಾ?’ ಅಂದರು. ಕಾಲ್ಕ್ಯುಲಸ್ ಪೂರ್ತಿ ಮರೆತಿದೆ. ಬೆಳಿಗ್ಗೆ ಆರೂವರೆಗೆ ಎಚ್ಚರ ಆಗುತ್ತೆ, ಎದ್ದು ಏನು ಮಾಡಬೇಕೋ ತಿಳಿಯದೆ ಹಾಸಿಗೆ ಮೇಲೆ ಕೂತಿರುತ್ತೇನೆ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಆಸ್ಪತ್ರೆ ಮಾತು ಓದಿ ನಗು ಬಂತು. ನಿಮ್ಮನ್ನು ನೋಡಿ ನಕ್ಕಿದ್ದಲ್ಲ, ನನ್ನ ಹಳೇ ಕಥೆ ನೆನಪಾಗಿ ನಕ್ಕಿದ್ದು. 1981ರಲ್ಲಿ ನಾನೂ ಇಂಥದ್ದೇ ಒಂದು ಕೌಂಟರ್ ಮುಂದೆ ನಿಂತಿದ್ದೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗ ನಾನು. ಡಿಗ್ರಿ ಮೊದಲ ವರ್ಷ ಮುಗಿಸಿ, ಪಾದ್ರಿ ಆಗುತ್ತೇನೆ ಅಂತ ಯೇಸುಸಭೆಯ (ಜೆಸ್ವಿಟ್ ಪಾದ್ರಿಗಳ) ಮೊದಲ ತರಬೇತಿ ಮನೆ, ನೊವಿಷಿಯೇಟ್ ಸೇರಿದ್ದೆ. ಮೂವತ್ತು ದಿನದ ಮೌನಧ್ಯಾನವನ್ನೂ ಮುಗಿಸಿದ್ದೆ. ಎರಡು ವರ್ಷ ಕಳೆದು ವ್ರತ ತೊಡುವ ಹೊತ್ತಿಗೆ ಇದು ನನ್ನ ಕೈಲಿ ಆಗುವ ಕೆಲಸ ಅಲ್ಲ ಅನ್ನಿಸಿತು, ಟ್ರಂಕು ಹೊತ್ತು ಮನೆಗೆ ಬಂದೆ. ನೀವು ಹೋದ ಕೆಲಸ ಮುಗಿಸಿ ಬಂದವರು, ನಾನು ನಡುವೆ ಬಿಟ್ಟು ಬಂದವನು. ಕೌಂಟರ್ ಆಚೆ ಕೂತವರಿಗೆ ಮಾತ್ರ ಇಬ್ಬರೂ ಒಂದೇ. ‘ಬ್ರೇಕ್ ಕೇಸ್’.

ಉಳಿದ ಓದುಗರಿಗೆ ಎರಡು ಮಾತು. ಈ ಚರ್ಚಿನ ಕೇಂದ್ರ ಇರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಹುಡುಗರು 24 ತಿಂಗಳು, ಹುಡುಗಿಯರು 18 ತಿಂಗಳು ಸಂಬಳವಿಲ್ಲದೆ ಮಿಷನ್‌ಗೆ, ಅಂದರೆ ಧರ್ಮಪ್ರಚಾರದ ಸೇವೆಗೆ, ಹೋಗುತ್ತಾರೆ. ಮೊದಲು ಹುಡುಗರಿಗೆ 19 ತುಂಬಬೇಕಿತ್ತು. 2012ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಇವರ ಮಿಷನ್ ನಮ್ಮ ಬೆಂಗಳೂರಿನಲ್ಲೇ 1993ರಿಂದ ಇದೆ. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ನಾಮಫಲಕ ಹಾಕಿಕೊಂಡು ಜೋಡಿಯಾಗಿ ನಡೆಯುವ ಹುಡುಗರನ್ನು ನೀವೂ ನೋಡಿರಬಹುದು.

ಯೂಟಾದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಪ್ರೊವೊ ಎಂಬ ಊರಿನಲ್ಲಿ ಇದೇ ಚರ್ಚಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದೆ. ಮಿಷನ್‌ಗೆ ಹೋಗುವವರು ಡಿಫರ್‌ಮೆಂಟ್ ಅಂತ ಪಡೆದು ಸೀಟು ಉಳಿಸಿಕೊಂಡು ಹೋಗುತ್ತಾರೆ. ವಾಪಸ್ ಬಂದವರಿಗೆ ‘ಆರ್‌ಎಂ’ (ರಿಟರ್ನ್ಡ್ ಮಿಷನರಿ) ಅನ್ನುವ ಅಡ್ಡಹೆಸರೂ ಇದೆ. ಕ್ಲಾಸಿನಲ್ಲಿ ಸುತ್ತ ತಿರುಗಿದರೆ ಎಲ್ಲಾ ಆರ್‌ಎಂಗಳೇ. ಕಲಿತು ಬಂದ ಭಾಷೆಯಲ್ಲಿ ಪರೀಕ್ಷೆ ಬರೆದು ಕ್ರೆಡಿಟ್ ಕೂಡ ಗಳಿಸಬಹುದು. ನಿಮ್ಮ ತೆಲುಗಿಗೆ ಇಲ್ಲಿ ಯಾರೂ ಕ್ರೆಡಿಟ್ ಕೊಡಲ್ಲ. ಆ ಆಸೆ ಬಿಡಿ, ಆಫೀಸಿನ ಕೆಲಸಕ್ಕೆ ಬನ್ನಿ.

ಅಲ್ಲಿ ‘ಮಿಷನ್’ ಅನ್ನಬೇಡಿ. ‘ಒಂದನೇ ವರ್ಷ ಪಾಸಾಗಿದ್ದೇನೆ, ಎರಡು ವರ್ಷ ಓದು ನಿಂತಿತ್ತು, ಮೂರನೇ ಸೆಮಿಸ್ಟರ್‌ಗೆ ಮರುಪ್ರವೇಶ ಬೇಕು’ ಅನ್ನಿ. ಕಾರಣ ಕೇಳಿದರೆ ಆಮೇಲೆ ಹೇಳಿ. ಆಫೀಸಿಗೆ ಬೇಕಾಗಿರುವುದು ನಿಮ್ಮ ಕಥೆಯಲ್ಲ, ಯಾವ ಅರ್ಜಿಗೆ ನೀವು ಸೇರುತ್ತೀರಿ ಅನ್ನುವುದು. ಮೂವತ್ತೆರಡು ವರ್ಷ ಗಣಿತದ ಮೇಷ್ಟ್ರಾಗಿ ಇಂಥ ಆಫೀಸುಗಳ ಪಕ್ಕದ ಕೋಣೆಯಲ್ಲೇ ಚಹಾ ಕುಡಿದವನು ಹೇಳುತ್ತಿದ್ದೇನೆ, ನಂಬಿ.

ಅವಧಿಯ ಭಯ ಬೇಡ. ಸಾಮಾನ್ಯವಾಗಿ ಕೋರ್ಸಿನ ಎರಡರಷ್ಟು ವರ್ಷಗಳೊಳಗೆ ಮುಗಿಸಲು ಬಿಡುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಒಮ್ಮೆ ಕಣ್ಣಾರೆ ಓದಿಕೊಳ್ಳಿ. ಪಾಸಾದ ಪೇಪರುಗಳ ಕ್ರೆಡಿಟ್ ಕೂಡಿಡುವ ಆನ್‌ಲೈನ್ ಖಾತೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮಾ ಆದ ಕ್ರೆಡಿಟ್ಟೂ ಏಳು ವರ್ಷದ ತನಕ ಊರ್ಜಿತ.

ನಿಜವಾದ ತೊಡಕು ಬೇರೆ ಇದೆ, ನೀವು ಅದನ್ನು ಗಮನಿಸಿದಂತಿಲ್ಲ. ನೀವು ಸೇರಿದ್ದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಕಾಲದಲ್ಲಿ. ನೀವು ಹೊರಟ ವರ್ಷವೇ, ಅಂದರೆ 2024ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ನೋಡಿ ಮಾಡಿದ ತೀರ್ಮಾನ ಅದು. 2024–25ರಿಂದ ಸೇರಿದವರಿಗೆ ಹಳೆ ಕಾಲದ ಹಾಗೆ ಮೂರು ಮುಖ್ಯ ವಿಷಯ. ನಿಮ್ಮ ಬ್ಯಾಚಿಗೆ ಎರಡು. ಮೊದಲೇ ಸೇರಿದ್ದವರು ಎನ್‌ಇಪಿಯಲ್ಲೇ ಮುಂದುವರಿಯಬಹುದು ಅಂತ ಆಗ ಹೇಳಿದ್ದರು, ಸರಿ. ಆದರೆ ಈಗ ಎರಡನೇ ವರ್ಷದ ಕ್ಲಾಸಿನಲ್ಲಿ ಕೂತಿರುವವರೆಲ್ಲ ಹೊಸ ಪಠ್ಯದವರು. ನಿಮ್ಮ ಪಠ್ಯಕ್ಕೆ ಅಲ್ಲಿ ಪಾಠ ಮಾಡುವವರೇ ಇಲ್ಲ. ನಿಮ್ಮನ್ನು ಯಾವುದರಲ್ಲಿ ಕೂರಿಸುತ್ತಾರೆ? ಹೊಸದರಲ್ಲಾದರೆ ಮೂರನೇ ವಿಷಯದ ಮೊದಲ ವರ್ಷದ ಪೇಪರುಗಳನ್ನು ಯಾವಾಗ ಬರೆಯಬೇಕು? ಹಳೆಯದರಲ್ಲಾದರೆ ಯಾವ ಪೇಪರಿಗೆ ಯಾವುದು ಸಮ? ಇದಕ್ಕೆ ಪ್ರಿನ್ಸಿಪಾಲರ ಮೂಲಕ ಕುಲಸಚಿವರಿಗೆ ಅರ್ಜಿ ಕೊಡಿ, ಉತ್ತರ ಕಾಗದದ ಮೇಲೆ ಬರಲಿ. ‘ನೋಡೋಣ, ಅಡ್ಜಸ್ಟ್ ಮಾಡೋಣ’ ಅಂದರೆ ಒಪ್ಪಬೇಡಿ. ಬಾಯಿಮಾತು ನಂಬಿ ಐದನೇ ಸೆಮಿಸ್ಟರ್‌ನಲ್ಲಿ ಅತ್ತವರನ್ನು ನೋಡಿದ್ದೇನೆ. ಪ್ರವೇಶ, ಪರೀಕ್ಷೆ ಎಲ್ಲ ದಾಖಲಾಗುವ ಯುಯುಸಿಎಂಎಸ್ ಪೋರ್ಟಲ್‌ನಲ್ಲೂ ನಿಮ್ಮ ಹೆಸರು ಹಳೇ ಬ್ಯಾಚಿನಲ್ಲೇ ಕೂತಿರಬಹುದು. ಪರೀಕ್ಷಾ ಶುಲ್ಕದ ಕೊನೇ ದಿನ ಅದು ಗೊತ್ತಾಗುವುದು ಬೇಡ, ಈಗಲೇ ಕೇಳಿ.

ಯಾರಾದರೂ ‘ಇದೆಲ್ಲ ಯಾಕೆ, ನಿಮ್ಮ ಚರ್ಚಿನದೇ ಪಾಥ್‌ವೇ ಆನ್‌ಲೈನ್ ಡಿಗ್ರಿ ಇದೆಯಲ್ಲ’ ಅನ್ನಬಹುದು. ಇರಲಿ. ಮೂರರಲ್ಲಿ ಒಂದು ವರ್ಷ ಮುಗಿಸಿದ ಡಿಗ್ರಿ ಮನೆ ಹತ್ತಿರವೇ ಇರುವಾಗ ಹೊಸದಕ್ಕೆ ಕೈ ಹಾಕುವುದು ನನಗೇನೋ ಸರಿ ಕಾಣಲ್ಲ.

ಈಗ ಆರೂವರೆ ಗಂಟೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದೇ. ಮಿಷನ್‌ನಲ್ಲಿ ಆರೂವರೆಗೆ ಏಳಬೇಕು, ಹತ್ತೂವರೆಗೆ ಮಲಗಬೇಕು. ನಡುವಿನ ಹೊತ್ತೆಲ್ಲ ಮೊದಲೇ ಗೊತ್ತು. ಜೊತೆಗೆ ಒಬ್ಬ ಕಂಪ್ಯಾನಿಯನ್, ಅವನು ಕಣ್ಣಳತೆಯಲ್ಲೇ ಇರಬೇಕು. ಎರಡು ವರ್ಷ ಒಂದು ಗಳಿಗೆ ಒಬ್ಬರೇ ಇದ್ದವರಲ್ಲ ನೀವು. ಈಗ ಇಡೀ ದಿನ ನಿಮ್ಮದೇ. ದಿಕ್ಕು ತಪ್ಪದೆ ಇನ್ನೇನಾಗುತ್ತೆ?

ನನಗೆ ಗಂಟೆ ಇತ್ತು. ನೊವಿಷಿಯೇಟ್‌ನಲ್ಲಿ ಗಂಟೆ ಹೊಡೆದರೆ ಬರೆಯುತ್ತಿದ್ದ ಅಕ್ಷರವನ್ನೂ ಅರ್ಧಕ್ಕೆ ಬಿಟ್ಟು ಏಳಬೇಕು ಅನ್ನುವುದು ಹಳೇ ಪಾಠ. ಕಾಲೇಜಿಗೆ ಮರಳಿದ ಮೇಲೂ ಅದು ಹೋಗಲಿಲ್ಲ. ನನ್ನ ಕನ್ನಡ ನೋಟ್ಸ್ ತೆರೆದರೆ ಪ್ರತಿ ಪೀರಿಯಡ್‌ನ ಕೊನೆಗೆ ತಲೆಕಟ್ಟಿಲ್ಲದ ಒಂದು ‘ಸ’, ಕೊಂಬಿಲ್ಲದ ಒಂದು ‘ಮ’. ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಅದನ್ನು ಗಮನಿಸಿ, ದಿನಾ ನನ್ನ ಪುಸ್ತಕ ಎಳೆದುಕೊಂಡು ಆ ಅಕ್ಷರ ಪೂರ್ತಿ ಮಾಡಿ ಕೊಡುತ್ತಿದ್ದ. ಕ್ಲಾಸಿನವರು ನನ್ನನ್ನು ‘ಫಾದರ್’ ಅಂತ ಕರೆಯುತ್ತಿದ್ದರು. ಅವನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದ. ನನಗಿಂತ ಎರಡು ವರ್ಷ ಚಿಕ್ಕವನು. ಅವನಿಲ್ಲದಿದ್ದರೆ ನಾನು ಡಿಗ್ರಿ ಮುಗಿಸುತ್ತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ.

ಅದಕ್ಕೇ ಹೇಳುವುದು, ಏಳುವ ಹೊತ್ತು ಬದಲಿಸಬೇಡಿ. ಆರೂವರೆಗೆ ಎದ್ದಿರೋ, ಏಳಕ್ಕೆ ಗಣಿತಕ್ಕೆ ಕೂತಿರಬೇಕು. ಜೊತೆಗೊಬ್ಬ ಕಂಪ್ಯಾನಿಯನ್‌ನನ್ನು ಹುಡುಕಿಕೊಳ್ಳಿ, ನಿಮ್ಮ ಚರ್ಚಿನವನೇ ಆಗಬೇಕಿಲ್ಲ. ಆಗದಿದ್ದರೇ ಒಳ್ಳೆಯದು ಅನ್ನುತ್ತೇನೆ. ಎರಡನೇ ವರ್ಷದ ಯಾವನಾದರೂ ಹುಡುಗ, ಸಂಜೆ ಒಂದು ಗಂಟೆ ಎದುರು ಕೂತು ಲೆಕ್ಕ ಮಾಡುವವನು ಸಾಕು. ಬಂದ ಕೂಡಲೇ ಚರ್ಚಿನಲ್ಲಿ ನಾಲ್ಕು ಜವಾಬ್ದಾರಿ ಹೊರಿಸುತ್ತಾರೆ, ಖಾಲಿ ಹೊತ್ತು ತುಂಬುತ್ತೆ ಅಂತ ನೀವೂ ಹೂಂ ಅಂತೀರಿ. ಮೊದಲ ಸೆಮಿಸ್ಟರ್ ಒಂದಕ್ಕಿಂತ ಜಾಸ್ತಿ ಬೇಡ.

ಕಾಲ್ಕ್ಯುಲಸ್ ಮರೆತಿಲ್ಲ, ತುಕ್ಕು ಹಿಡಿದಿದೆ ಅಷ್ಟೇ. ಮೂರನೇ ಸೆಮಿಸ್ಟರ್ ಪುಸ್ತಕ ಈಗಲೇ ಮುಟ್ಟಬೇಡಿ. ದ್ವಿತೀಯ ಪಿಯುಸಿ ಪುಸ್ತಕ ತೆಗೆದು ಅವಕಲನ, ಆಮೇಲೆ ಅನುಕಲನ. ದಿನಕ್ಕೆ ಹತ್ತು ಲೆಕ್ಕ, ಪೆನ್ನು ಹಿಡಿದು. ಬಿಡಿಸಿದ ಲೆಕ್ಕ ಓದಿ ‘ಓ, ಗೊತ್ತಾಯ್ತು’ ಅನ್ನುವುದು ಲೆಕ್ಕಕ್ಕಿಲ್ಲ. ಮರಳಿದ ಮೇಲಿನ ನನ್ನ ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂದಿತ್ತು. ಆಮೇಲೆ ಅದೇ ಅನುಕಲನವನ್ನು ಪಾಠ ಮಾಡಿ ಹೊಟ್ಟೆ ಹೊರೆದೆ. ತೆಲುಗು ಹೇಗೆ ಕಲಿತಿರಿ? ತಪ್ಪು ತಪ್ಪಾಗಿ ಬೀದಿಯಲ್ಲಿ ಮಾತಾಡಿ, ಅಲ್ವಾ? ಇದೂ ಹಾಗೇ.

ಇನ್ನೊಂದು. ‘ಮತಾಂತರ ಮಾಡೋಕೆ ಹೋಗಿದ್ಯಾ?’ ಅಂತ ಕೇಳುವವರು ಸಿಗುತ್ತಾರೆ, ಕ್ಲಾಸಿನಲ್ಲೂ, ಮುಂದೆ ಇಂಟರ್‌ವ್ಯೂನಲ್ಲೂ. ಹೌದೋ ಅಲ್ಲವೋ ಅನ್ನುವ ವಾದಕ್ಕೆ ಇಳಿಯಬೇಡಿ, ಮುಚ್ಚಿಡಲೂ ಬೇಡಿ. ಏನು ಮಾಡಿದಿರೋ ಅದನ್ನು ಎರಡು ವಾಕ್ಯದಲ್ಲಿ ಹೇಳಿ. ಬಯೋಡೇಟಾದಲ್ಲಿ ‘2024–26, ಚರ್ಚಿನ ಪೂರ್ಣಾವಧಿ ಸ್ವಯಂಸೇವೆ, ಹೈದರಾಬಾದ್ ಮತ್ತು ವಿಶಾಖಪಟ್ಟಣ, ತೆಲುಗು ಮಾತಾಡಬಲ್ಲೆ’ ಅಂದರೆ ಸಾಕು. ‘ನಾಯಕತ್ವ ಗುಣ, ಸಂವಹನ ಕೌಶಲ’ ಅಂತ ಉದ್ದ ಎಳೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಮತ್ತೆ, ಕ್ಲಾಸಿನ ಹುಡುಗರಿಗೆ ಉಪದೇಶ ಬೇಡ. ಅವರು ನಿಮ್ಮ ನೋಟ್ಸ್ ಕೇಳಿಕೊಂಡು ಬರುವ ಹಾಗಾಗಲಿ, ಮೊದಲು.

ಪ್ರಶ್ನೆ: ನನ್ನ ಮಗಳು ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಇದೇ ಚರ್ಚಿನ ಮಿಷನ್‌ಗೆ ಹದಿನೆಂಟು ತಿಂಗಳು ಹೋಗುತ್ತೇನೆ, ಈಗಲೇ ಹೊರಡುತ್ತೇನೆ ಅನ್ನುತ್ತಾಳೆ. ಫೋನಿಗೂ ಸಿಗಲ್ಲವಂತೆ. ಬೇಡ ಅನ್ನಲಾ?
— ಒಬ್ಬ ತಾಯಿ, ಮೈಸೂರು

ಉತ್ತರ: ಬೇಡ ಅನ್ನಬೇಡಿ. ‘ಈಗಲೇ’ ಬೇಡ ಅನ್ನಿ. ಸೆಮಿಸ್ಟರ್ ನಡುವೆ ಎದ್ದು ಹೋದರೆ ಹಾಜರಾತಿಯೂ ಹೋಯಿತು, ಕಟ್ಟಿದ ಫೀಸೂ ಹೋಯಿತು. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದು, ಫಲಿತಾಂಶ ಬಂದು, ಅಂಕಪಟ್ಟಿ ಕೈಗೆ ಸಿಕ್ಕ ಮೇಲೆ ಹೊರಡಲಿ. ಇನ್ನೊಂದು ವರ್ಷ ತಾಳಿ ಡಿಗ್ರಿ ಮುಗಿಸಿಯೇ ಹೋಗುವುದಾದರೆ ಇನ್ನೂ ಒಳ್ಳೆಯದು, ಮೇಲಿನ ಪತ್ರದ ಹುಡುಗನ ತಾಪತ್ರಯ ಅವಳಿಗೆ ಇರಲ್ಲ. ಅವಸರ ಯಾಕೆ ಅಂತ ಕೇಳಿ ನೋಡಿ. ಕೆಲವು ಸಲ ಭಕ್ತಿಗಿಂತ ನಾಲ್ಕನೇ ಸೆಮಿಸ್ಟರ್ ಕಾಸ್ಟ್ ಅಕೌಂಟಿಂಗ್ ಜಾಸ್ತಿ ಅವಸರ ಮಾಡಿಸುತ್ತೆ. ಮೇಷ್ಟ್ರಾಗಿದ್ದವನಿಗೆ ಈ ಅನುಮಾನ ಹೋಗಲ್ಲ, ಬೇಜಾರು ಮಾಡ್ಕೋಬೇಡಿ.

ಫೋನಿನ ವಿಷಯ ಹಳೇ ಮಾತು. ಹಿಂದೆ ಮನೆಗೆ ಕರೆ ಮಾಡಲು ಬಿಡುತ್ತಿದ್ದದ್ದು ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ ಮಾತ್ರ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ, ಅವರು ಪಿ-ಡೇ ಅನ್ನುವ ಬಿಡುವಿನ ದಿನ, ಮನೆಯವರೊಂದಿಗೆ ಮಾತಾಡಬಹುದು. ಹೊರಡುವ ಮುಂಚೆ ಅಂಕಪಟ್ಟಿ, ಪ್ರವೇಶ ರಸೀದಿ, ಕಾಲೇಜಿನ ನೋಂದಣಿ ಸಂಖ್ಯೆ, ಪೋರ್ಟಲ್ ಪಾಸ್‌ವರ್ಡ್ ಎಲ್ಲಾ ಒಂದು ಫೈಲಿಗೆ ಹಾಕಿ ನಿಮ್ಮ ಬೀರುವಿನಲ್ಲಿಡಿ. ಪೋರ್ಟಲ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ನಿಮ್ಮದಾಗಿರಲಿ. ಓಟಿಪಿ ನಿಮಗೇ ಬರುತ್ತೆ, ಪಿ-ಡೇ ತನಕ ಕಾಯುವುದು ತಪ್ಪುತ್ತೆ.